ಧಾತು-ಈಶ್ವರ ಬರ ಮತ್ತು ನಮ್ಮ ಪ್ರಾರ್ಥನೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವರು ದಯಪಾಲಿಸಿದ ವರಗಳನ್ನು ಎಣಿಸುವುದು ವಾಡಿಕೆ. ಪ್ರಿಯ ಕ್ರೈಸ್ತ ಬಾಂಧವರೇ, ನಾವು ಮಾತ್ರ ಬೇಡಿದರೂ ಬಾರದೆ ಹೋದ ಮಳೆಯೊಂದನ್ನು ಕುರಿತು ಬರೆಯಲಿಚ್ಛಿಸುತ್ತೇವೆ. ಅದು ನಮ್ಮ ಧರ್ಮಕೇಂದ್ರದ ಹುಟ್ಟಿಗಿಂತ ಹಿಂದಿನ ಸಂಗತಿ; ಆದರೆ ಇದೇ ನೆಲದ ಸಂಗತಿ.

1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಭೂಮಿ ಬಾಯಿಬಿಟ್ಟಿತು. ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರ ಸಂವತ್ಸರಕ್ಕೂ ಚಾಚಿದ್ದರಿಂದ ಹಿರಿಯರು ಇದನ್ನು ಧಾತು-ಈಶ್ವರ ಬರವೆಂದು ಕರೆದರು. ಮದ್ರಾಸ್ ಪ್ರಾಂತದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಹಾಗೂ 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿತು.

ಮಳೆ ತಪ್ಪಿದಾಗ ನಮ್ಮ ಸೀಮೆಯ ಹಳ್ಳಿಗರು ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ. ಮುಸಲ್ಮಾನ ಬಾಂಧವರು ಈದ್ಗಾದಲ್ಲಿ ನೆರೆಯುತ್ತಾರೆ. ರೋಮನ್ ಪೂಜಾಗ್ರಂಥದಲ್ಲಿಯೂ ಮಳೆ ಬೇಡುವ ಪ್ರಾರ್ಥನೆಯುಂಟು. ಅಂದು ಅದು ಲತೀನಿನಲ್ಲಿತ್ತು. ಬಳ್ಳಾರಿಯ ಕಥೋಲಿಕರು ಆಗ ಮದ್ರಾಸಿನ ಧರ್ಮಾಧ್ಯಕ್ಷ ಸ್ಟೀಫನ್ ಫೆನೆಲ್ಲಿಯವರ ಆಡಳಿತಕ್ಕೆ ಸೇರಿದ್ದರು. ನಮ್ಮದೇ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1949ರಲ್ಲಿ.

ಆ ಸಾವುಗಳನ್ನೆಲ್ಲ ದೈವಚಿತ್ತವೆಂದು ಹೇಳಿ ಮುಗಿಸಿಬಿಡುವುದು ಸುಲಭ. ದೇವರು ಇಚ್ಛಿಸುವುದು ಬೇರೆ, ಅನುಮತಿಸುವುದು ಬೇರೆ ಎಂಬ ಭೇದವನ್ನು ನಾವು ಸೆಮಿನರಿಯಲ್ಲಿ ಕಲಿತು ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆದಿದ್ದೆವು. ಅದರ ಭಾರ ತಿಳಿದದ್ದು ಈ ಬರದ ಇತಿಹಾಸವನ್ನು ಓದಿದಾಗ. 1877ರ ಜನವರಿಯಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಅವರು ಬರಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಚಿಲ್ಲರೆಗೆ ಇಳಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನ ಇಡೀ ದಿನದ ಆಹಾರ ಅದು! ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮನುಷ್ಯರು ಕಾಗದದ ಮೇಲೆ ತೀರ್ಮಾನಿಸಿದ್ದನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ.

ಹಾಗಾದರೆ ದೇವರ ಪ್ರಭುತ್ವವೆಲ್ಲಿ? ಪರಲೋಕ ಮಂತ್ರದ ಕ್ರಮವನ್ನು ಗಮನಿಸಿರಿ. ಅದರಲ್ಲಿ ದೇವಚಿತ್ತದ ಬೇಡಿಕೆ ಮೊದಲು, ಅನ್ನದ ಬೇಡಿಕೆ ಆಮೇಲೆ, ಕೇಡಿನಿಂದ ಬಿಡುಗಡೆಯ ಬೇಡಿಕೆ ಕಟ್ಟಕಡೆಗೆ. ಎಲ್ಲವೂ ಆಗಲೇ ದೇವಚಿತ್ತದಂತೆ ನಡೆಯುತ್ತಿದ್ದರೆ ಅದನ್ನು ಬೇಡಬೇಕೇಕೆ? ಕೇಡನ್ನು ಕೇಡೆಂದೇ ಕರೆಯಲು ಕರ್ತರು ನಮಗೆ ಕಲಿಸಿದ್ದಾರೆ. ಗೆತ್ಸೆಮನಿಯಲ್ಲಿ ಅವರೂ ಮೊದಲು ಆ ಪಾತ್ರೆ ತೊಲಗಲೆಂದು ಬೇಡಿದರು; ಬಳಿಕವೇ ತಮ್ಮನ್ನು ಪಿತನ ಕೈಗೊಪ್ಪಿಸಿದರು. ಪ್ರವಾದಿ ಹಬಕ್ಕೂಕನೂ ಹಾಗೆಯೇ. ದೇವರೊಡನೆ ವಾದ ಹೂಡಿಯೇ ಅವನು ವಿಶ್ವಾಸದ ಮಾತಿಗೆ ಬಂದದ್ದು.

ಸಿರುಗುಪ್ಪದ ಗದ್ದೆಗಳು ಈಗ ಹಸಿರಾಗಿವೆ. 1860ರಲ್ಲಿ ಆರ್ಥರ್ ಕಾಟನ್ ಸೂಚಿಸಿದ್ದ ತುಂಗಭದ್ರಾ ಜಲಾಶಯ 1953ರಲ್ಲಿ ಪೂರ್ಣಗೊಂಡಿತು. ಹಸಿದು ಸತ್ತವರ ಮೊರೆಗೆ ಇದೇ ಉತ್ತರವೆಂದು ಕೆಲವರು ಪ್ರಸಂಗಗಳಲ್ಲಿ ಹೇಳುವುದುಂಟು. ನಮಗೆ ಹಾಗೆ ಹೇಳಲು ನಾಲಿಗೆ ಏಳದು. ಸತ್ತ ಮಗುವಿನ ತಾಯಿಗೆ ಕಾಲುವೆ ತೋರಿಸಬಹುದೇ? 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಕುರುಗೋಡು, ಸಿರುಗುಪ್ಪಗಳ ರೈತರು ಕಂಗಾಲಾದರು. ಕೆಲಸಗಾರರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದರು, ಮಳೆಯೂ ಬಂದಿತು. ನಾವು ಕೃತಜ್ಞತೆ ಸಲ್ಲಿಸಿದೆವು. ಆದರೆ ಆ ದಿನ ನಮ್ಮ ಮೊರೆಗೆ ಕಿವಿಗೊಟ್ಟ ದೇವರೇ 1877ರಲ್ಲಿಯೂ ದೇವರಾಗಿದ್ದರು. ಅಂದು ಬೇಡಿದವರ ವಿಶ್ವಾಸ ನಮ್ಮದಕ್ಕಿಂತ ಕಿರಿದಾಗಿರಲಿಲ್ಲ.

ಈ ಶತಮಾನೋತ್ಸವ ವರ್ಷದ ನವೆಂಬರ್ 2ರಂದು, ಸಕಲ ಮೃತರ ಬಲಿಪೂಜೆಯಲ್ಲಿ, ಆ ಬರದಲ್ಲಿ ಮಡಿದವರನ್ನು ಮತಭೇದವಿಲ್ಲದೆ ಸ್ಮರಿಸಲಿದ್ದೇವೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಅಂಥ ಹೆಸರೊಂದಾದರೂ ಉಳಿದಿದ್ದರೆ, ಚೀಟಿಯಲ್ಲಿ ಬರೆದು ತನ್ನಿರಿ; ಪೀಠದ ಮೇಲಿರಿಸುತ್ತೇವೆ.