ಹೊಯಿಗೆಯ ಮೇಲೆ ಪಾಠ ಹೇಳಿದ ಹುಡುಗ

ಕಳೆದ ಸೆಪ್ಟೆಂಬರ್ 5ರಂದು ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಗಡಿಬಿಡಿ. ಹತ್ತನೇ ಕ್ಲಾಸಿನ ಮಗಳು ಅಮ್ಮನ ಸೀರೆ ಉಟ್ಟು, ನಾಲ್ಕೈದು ಪಿನ್ನು ಚುಚ್ಚಿಕೊಂಡು, ಒಂದು ದಿನದ ಟೀಚರ್ ಆಗಿ ಶಾಲೆಗೆ ಹೋದಳು. ಶಿಕ್ಷಕರ ದಿನದಂದು ದೊಡ್ಡ ಮಕ್ಕಳು ಸಣ್ಣವರಿಗೆ ಪಾಠ ಮಾಡುವುದು ಈ ಮುಂಬಯಿಯಲ್ಲಿ ಮಾಮೂಲು. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅಪ್ಪಾ, ಐದನೇ ಕ್ಲಾಸಿನ ಒಬ್ಬ ಹುಡುಗನಿಗೆ ಭಿನ್ನರಾಶಿ ಅರ್ಥ ಆಯ್ತು. ನಾನು ಹೇಳಿದ ಮೇಲೆ! ನಾನು ಟೀಚರೇ ಆಗ್ತೇನೆ."

"ಮೊದಲು ಬಿ.ಕಾಂ. ಮಾಡು, ಆಮೇಲೆ ನೋಡುವ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಯಾಕೆಂದರೆ 1980ರ ದಶಕದಲ್ಲಿ ನನ್ನ ಅಪ್ಪ ನನಗೆ ಹೇಳಿದ್ದೂ ಅಕ್ಷರಶಃ ಇದನ್ನೇ. ಬಿ.ಕಾಂ. ಮಾಡಿದೆ, ಬ್ಯಾಂಕ್ ಸೇರಿದೆ, ಆಮೇಲೆ ಯಾರೂ ನೋಡಲಿಲ್ಲ...

ಶಾಲೆಯಲ್ಲಿ ಕಲಿಯುತ್ತಿರುವಾಗಲೇ ಪಾಠ ಹೇಳಿ ನೋಡುವ ಈ ಪದ್ಧತಿಗೆ ದೊಡ್ಡ ಇತಿಹಾಸವೇ ಇದೆ. ಅದರ ಬೇರು ಇರುವುದು ನಮ್ಮ ಕಡೆಯಲ್ಲೇ.

1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಯ ಮೇಲ್ವಿಚಾರಕನಾದ. ಒಂದು ದಿನ ಕುದುರೆ ಏರಿ ಹೋಗುವಾಗ ಊರಿನ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡ. ಇದನ್ನೇ ನಮ್ಮಲ್ಲೂ ಮಾಡಿ ಎಂದರೆ ಅವನ ಕೈಕೆಳಗಿನ ಮಾಸ್ತರರಿಗೆ ಮನಸ್ಸಿಲ್ಲ. ಬೆಲ್ ಮಾಸ್ತರರನ್ನು ಬಿಟ್ಟು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಅಕ್ಷರದ ಕ್ಲಾಸನ್ನು ಕೊಟ್ಟ. ದೊಡ್ಡವರಿಂದ ಆಗದ್ದು ಈ ಪೋರನಿಂದ ಆಯಿತು. ಮೆಲ್ಲಮೆಲ್ಲಗೆ ಶಾಲೆಯ ಹೆಚ್ಚಿನ ಪಾಠ ಹುಡುಗರ ಕೈಗೇ ಬಂತು. ಬೆಲ್ 1796ರಲ್ಲಿ ಊರಿಗೆ ಮರಳಿ, ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ಕುರಿತು ಪುಸ್ತಕ ಪ್ರಕಟಿಸಿದ. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಇವತ್ತಿಗೂ 'ಮದ್ರಾಸ್ ಕಾಲೇಜ್' ಎಂಬ ಶಾಲೆ ಇದೆ!

ಇದಕ್ಕೆ ಕನ್ನಡ ನಾಡಿನ ಸಾಕ್ಷಿಯೂ ಇದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕ ಕೇಳಿದ. ನಮ್ಮ ಕೆನರಾದ ಕಲೆಕ್ಟರ್ ಲೆಕ್ಕವನ್ನೇ ಕಳಿಸಲಿಲ್ಲ. (ಸ್ಟೇಟ್‌ಮೆಂಟ್ ಕಳಿಸದೆ ಸಬೂಬು ಹೇಳುವ ಬ್ರಾಂಚ್ ಮ್ಯಾನೇಜರುಗಳು ಆಗಲೂ ಇದ್ದರು ಅನ್ನಿ!) ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರಲ್ಲಿ ಚೊಕ್ಕ ವರದಿ ಕೊಟ್ಟ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆಗಳು 235, ತೆಲುಗು 226. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವುದು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಒಂದೊಂದೇ ಏಟು ಜಾಸ್ತಿ. ಅಕ್ಷರ ಕಲಿಯುವುದು ಮರಳಿನ ಮೇಲೆ. ಕೆಳಗಿನ ತರಗತಿಗಳನ್ನು ನೋಡಿಕೊಳ್ಳುವುದರಲ್ಲಿ ಹಿರಿಯ ಹುಡುಗರ ಪಾಲು. ಈ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದು ಅವನೇ ಬರೆದಿದ್ದಾನೆ. ನಮ್ಮ ಅಜ್ಜ ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬರೆದು ಕಲಿತದ್ದನ್ನು ಹೇಳುವಾಗ ನಾವು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಆ 6,641 ಮಕ್ಕಳಲ್ಲಿ ಹುಡುಗಿಯರು 60.

ಇಂಗ್ಲೆಂಡಿನಲ್ಲಿ ಮುಂದೇನಾಯಿತು? ಮಕ್ಕಳೇ ಪಾಠ ಮಾಡಿದರೆ ಸಂಬಳ ಉಳಿಯುತ್ತದೆ ಎಂಬುದೇ ಅಲ್ಲಿಯವರಿಗೆ ಹೆಚ್ಚು ರುಚಿಸಿತು. ಒಬ್ಬ ಮಾಸ್ತರ್, ನೂರಾರು ಮಕ್ಕಳು, ಬರೇ ಬಾಯಿಪಾಠ. ಇದು ಸಾಲದು ಎಂದು 1846ರಲ್ಲಿ ಜೇಮ್ಸ್ ಕೇ-ಶಟಲ್‌ವರ್ತ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ಹೊಸ ವ್ಯವಸ್ಥೆ ಬಂತು. 13 ವರ್ಷ ತುಂಬಿದ ಹುಡುಗ ಹುಡುಗಿಯರು ಐದು ವರ್ಷ ಶಾಲೆಯಲ್ಲೇ ಶಿಕ್ಷಕ ಉಮೇದುವಾರರು. ಮೊದಲ ವರ್ಷ 10 ಪೌಂಡ್ ಸಂಬಳ, ಕೊನೆಯ ವರ್ಷ 20. ಹಗಲು ಪಾಠ ಹೇಳುವುದು, ಶಾಲೆಗೆ ಮೊದಲು ಅಥವಾ ಆಮೇಲೆ ಹೆಡ್‌ಮಾಸ್ತರರಿಂದ ಒಂದೂವರೆ ಗಂಟೆ ಪಾಠ ಹೇಳಿಸಿಕೊಳ್ಳುವುದು. ಕೊನೆಗೆ ಪರೀಕ್ಷೆ ಪಾಸಾದರೆ ಸ್ಕಾಲರ್‌ಶಿಪ್ಪಿನಲ್ಲಿ ಟ್ರೇನಿಂಗ್ ಕಾಲೇಜು. ಬಡವರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಇದು ಏಣಿಯಾಯಿತು. ಗಣಿ ಕಾರ್ಮಿಕನ ಮಗ ಡಿ. ಎಚ್. ಲಾರೆನ್ಸ್ ಕಾದಂಬರಿಕಾರನಾಗುವ ಮೊದಲು 1902ರಲ್ಲಿ ಸೇರಿದ್ದು ಇದೇ ಕೆಲಸಕ್ಕೆ. ಆದರೆ ದುಡಿಮೆ ಮಾತ್ರ ಕತ್ತೆಯದು. ಇಪ್ಪತ್ತನೆಯ ಶತಮಾನ ಶುರುವಾದ ಮೇಲೆ ಮೊದಲು ಹೈಸ್ಕೂಲು ಓದಲಿ, ಆಮೇಲೆ ಕಲಿಸಲಿ ಎಂಬ ಮಾತು ಗಟ್ಟಿಯಾಗಿ, ಆ ವ್ಯವಸ್ಥೆ ಕರಗಿತು.

ನಮ್ಮ ಮುಂಬಯಿ ಕರ್ನಾಟಕದಲ್ಲೂ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗರೇ ಹಳ್ಳಿಗಳಿಗೆ ಮಾಸ್ತರರಾಗಿ ಹೋಗುತ್ತಿದ್ದ ಕಾಲವಿತ್ತು. ಮೀಸೆ ಚಿಗುರುವ ಮೊದಲೇ ಕೈಯಲ್ಲಿ ಬೆತ್ತ!

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1985-86ರಿಂದ 'ಟೀಚರ್ ಕೆಡೆಟ್' ಎಂಬ ವಿಷಯವೇ ಹೈಸ್ಕೂಲಿನಲ್ಲಿದೆ. ಜಾಣ ಮಕ್ಕಳು ಕೆಳ ತರಗತಿಗಳಲ್ಲಿ ಕುಳಿತು ನೋಡುತ್ತಾರೆ, ಪಾಠ ಮಾಡುತ್ತಾರೆ. ಅಲ್ಲಿ ಯಾರ ಸಂಬಳ ಉಳಿಸುವುದೂ ಉದ್ದೇಶವಲ್ಲ. ಈ ಕೆಲಸ ನನಗೆ ಒಗ್ಗುತ್ತದೆಯೇ ಎಂದು ಮಕ್ಕಳೇ ನೋಡಿಕೊಳ್ಳಲಿ ಎಂಬುದು ಅದರ ಲೆಕ್ಕ. ನಮ್ಮಲ್ಲಿ 2023-24ರಿಂದ ಹನ್ನೆರಡನೇ ಕ್ಲಾಸಿನ ನಂತರ ನೇರ ನಾಲ್ಕು ವರ್ಷದ ಶಿಕ್ಷಕ ಪದವಿ ಶುರುವಾಗಿದೆ. ಒಳ್ಳೆಯದೇ. ಆದರೆ ಅದನ್ನು ಆರಿಸಿಕೊಳ್ಳುವ ಮೊದಲು ಬಹಳಷ್ಟು ಮಕ್ಕಳಿಗೆ ಸಿಗುವುದು ಸೀರೆ ಉಟ್ಟ ಆ ಒಂದು ದಿನ ಮಾತ್ರ.

ನನಗೆ ಸಿಕ್ಕಿದ್ದು ಒಂದೂವರೆ ತಿಂಗಳು. ಹತ್ತನೆಯಲ್ಲಿದ್ದಾಗ ಲೆಕ್ಕದ ಮಾಷ್ಟ್ರು ವರ್ಗವಾಗಿ ಹೋದರು, ಹೊಸಬರು ಬರುವವರೆಗೆ ಎಂಟನೆಯವರಿಗೆ ನಾನು ಬೀಜಗಣಿತ ಹೇಳಿದೆ. ಮೂವತ್ತು ವರ್ಷ ಲೆಡ್ಜರು, ಲೋನು, ಆಡಿಟ್ ಎಲ್ಲ ನೋಡಿದ್ದೇನೆ, ದೂರೇನಿಲ್ಲ, ಬ್ಯಾಂಕು ಅನ್ನ ಕೊಟ್ಟಿದೆ. ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗ ತಟ್ಟನೆ ತಲೆ ಎತ್ತಿ "ಹೋ!" ಎಂದದ್ದು ಈಗಲೂ ಕಿವಿಯಲ್ಲಿದೆ. ಯಾವ ಪ್ರಮೋಷನ್ ಆರ್ಡರೂ ಅಷ್ಟು ನೆನಪಿಲ್ಲ.

ಮಗಳಿಗೆ ಹೂಂ ಅನ್ನಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ನಮ್ಮ ಬಿಲ್ಡಿಂಗಿನ ವಾಚ್‌ಮ್ಯಾನನ ಎರಡು ಮಕ್ಕಳಿದ್ದಾರಲ್ಲ, ನಿನ್ನ ಪರೀಕ್ಷೆ ಮುಗಿದ ಮೇಲೆ ಅವರಿಗೆ ಒಂದು ವರ್ಷ ಪಾಠ ಹೇಳು. ಆಮೇಲೂ ಇದೇ ಮಾತು ಹೇಳಿದರೆ ಫೀಸು ನಾನು ಕಟ್ಟುತ್ತೇನೆ" ಎಂದೆ.

ಅವಳು ಪರೀಕ್ಷೆಯವರೆಗೆ ಕಾಯಲಿಲ್ಲ. ಮುಂದಿನ ಭಾನುವಾರವೇ ಶುರು ಮಾಡಿದಳು.