ಹುಲ್ಲು, ಹಾಲು ಮತ್ತು ಮಣ್ಣಿನ ಲೆಕ್ಕ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬಂದವರು ಕಾಗಿಣೆಯ ದಡದಲ್ಲಿ ನಿಂತು ರಾಷ್ಟ್ರಕೂಟರ ವೈಭವವನ್ನು ನೆನೆಯುತ್ತಾರೆ. ಈ ಸೀಮೆಗೆ ಅನ್ನ, ಹಾಲು ಕೊಟ್ಟ ನೆಲದ ಮಾತನ್ನು ಎತ್ತುವವರು ವಿರಳ. ಇತಿಹಾಸವು ಶಾಸನಗಳಲ್ಲಿರುವಂತೆ ತಿಪ್ಪೆಯಲ್ಲಿಯೂ ಇದೆ ಎಂದರೆ ಶ್ರೋತೃಗಳು ನಗಬಾರದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತ ಸುಣ್ಣಕಲ್ಲಿನ ಹಾಸಿನ ಮೇಲೆ ಮಣ್ಣು ನಿಂತಿದೆ. ಮಣ್ಣು ಆಳವಾಗಿರುವಲ್ಲಿ ಜೋಳ, ತೊಗರಿ, ತೆಳುವಾಗಿರುವಲ್ಲಿ ಹುಲ್ಲು. ಚಿಂಚೋಳಿಯ ಕಡೆ ಗುಡ್ಡ, ಕಾಡು. ಊರ ಹುಲ್ಲುಗಾವಲನ್ನು ಈ ಕಡೆ ಗಾಯರಾಣವೆನ್ನುತ್ತಾರೆ. ಹಗಲು ಅಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಮರಳಿದ ದನಗಳು ತಂದದ್ದು ಹಾಲನ್ನಷ್ಟೇ ಅಲ್ಲ. ಉಳದ ನೆಲದ ಸಾರವನ್ನು ಸಗಣಿಯ ರೂಪದಲ್ಲಿ ಉಳುವ ನೆಲಕ್ಕೆ ತಂದವು. ಗಾಯರಾಣವು ಹೊಲಕ್ಕೆ ಬಡ್ಡಿ ಕೇಳದ ಸಾಹುಕಾರನಾಗಿತ್ತು.

ಇಂದಿನ ವಿಜ್ಞಾನ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಸಾರಜನಕ, 1 ಗ್ರಾಂನಷ್ಟು ರಂಜಕ ಇರುತ್ತವೆ. ಚೆನ್ನಾಗಿ ಕರೆಯುವ ಹಸುವೂ ತಾನು ತಿಂದ ಸಾರಜನಕದಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಹಾಲಿಗಿಳಿಸುತ್ತದೆ. ಉಳಿದದ್ದರಲ್ಲಿ ಬಹುಪಾಲು ಸಗಣಿ, ಗಂಜಲಗಳಲ್ಲಿ ಹೊರಬರುತ್ತದೆ. ಆದುದರಿಂದ ಹಾಲು ಮಾರಿ ನೆಲ ಬಡವಾಯಿತೆನ್ನುವುದು ಅರ್ಧಸತ್ಯ. ಕುಳ್ಳು ಸುಟ್ಟಾಗ ಸಾರಜನಕ ಹೊಗೆಯಾಗಿ ಹೋಗುತ್ತದೆ. ಹರಿಯಬಿಟ್ಟ ಗಂಜಲದಿಂದ ಅದು ಗಾಳಿಗೆ ಸೇರುತ್ತದೆ. ನಿಜವಾದ ಸೋರಿಕೆ ಇಲ್ಲಿದೆ.

ಈ ಅರಿವು ಹೊಸದಲ್ಲ. 1889ರಲ್ಲಿ ಭಾರತಕ್ಕೆ ಬಂದ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್, 1893ರ ತನ್ನ ವರದಿಯಲ್ಲಿ ಸಗಣಿ ಸುಡುವ ರೈತನನ್ನು ದೂರಲಿಲ್ಲ. ಸೌದೆಯ ಅಭಾವವನ್ನು ದೂರಿದ. ಸೌದೆ, ಮೇವುಗಳಿಗಾಗಿ ನೆಲವನ್ನು ಕಾದಿರಿಸಬೇಕೆಂದ. ನಮ್ಮ ಸೀಮೆಯಲ್ಲಿ ತೊಗರಿಯ ಕಟ್ಟಿಗೆ ಒಲೆಗೆ ಒದಗಿ ಅಷ್ಟು ಸಗಣಿಯನ್ನು ಉಳಿಸಿತು. ಅದರ ಬೇರು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಪಾಲು ಕೊಟ್ಟಿತು.

ಆದರೆ ಹುಲ್ಲು ಬೆಳೆಯುವ ತೆಳುನೆಲದಡಿಯಲ್ಲೇ ಹಾಸುಗಲ್ಲು ಬೇಗ ಕೈಗೆಟುಕುತ್ತದೆ. ಶಹಾಬಾದದ ಫರಸಿ ದೂರದೂರದ ಮನೆಗಳ ನೆಲವಾಯಿತು. 1968ರಲ್ಲಿ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಆರಂಭವಾಯಿತು. ಅದರಿಂದ ಕೂಲಿ ಸಿಕ್ಕಿತು, ಊರು ಬೆಳೆಯಿತು, ಅಲ್ಲಗಳೆಯಲಾಗದು. ಆದರೂ ಗಣಿಯಾದ ನೆಲಕ್ಕೆ ಮಂದೆ ಮರಳುವುದಿಲ್ಲ. 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿ ಲೀಟರುಗಳನ್ನು ಎಣಿಸಿತು; ಹೊಲಕ್ಕೆ ಹೋದ ಗೊಬ್ಬರದ ಗಾಡಿಗಳನ್ನು ಎಣಿಸುವವರಿರಲಿಲ್ಲ. ದನಗಳು ಕಿಕ್ಕಿರಿದ ಹಾಲೆಂಡಿನಲ್ಲಿ 1998ರಿಂದ ರೈತರು ಸಾರಜನಕ, ರಂಜಕಗಳ ಜಮಾಖರ್ಚು ಬರೆಯಬೇಕಾಯಿತು. ಅವರದು ಅಜೀರ್ಣದ ಚಿಂತೆ, ನಮ್ಮದು ಹಸಿವಿನದು. ಲೆಕ್ಕದ ಪುಸ್ತಕ ಮಾತ್ರ ಇಬ್ಬರಿಗೂ ಬೇಕು.

ಆ ಲೆಕ್ಕದ ಮೊದಲ ಸಾಲನ್ನು ಕೊಟ್ಟಿಗೆಯಲ್ಲೇ ಬರೆಯಬಹುದು. ನಮ್ಮ ಫರಸಿಯನ್ನೇ ತುಸು ಇಳಿಜಾರಾಗಿ ಹಾಸಿ ಗಂಜಲವನ್ನು ಗುಂಡಿಗೆ ತಿರುಗಿಸಿ, ತಿಪ್ಪೆಗೆ ಮಣ್ಣು ಮುಚ್ಚಿದರೆ, ಹುಲ್ಲಿನಿಂದ ಬಂದದ್ದರಲ್ಲಿ ಒಂದಿಷ್ಟಾದರೂ ಮಣ್ಣಿಗೆ ಸಂದೀತು.