ಅಗ್ಗದ ಗಿಟಾರಿಗೆ ದೊರೆತ ಧ್ವನಿ



ಬಾಗಲಕೋಟೆಯ ಸೀಮೆಯಲ್ಲಿ ಸಂಗೀತಗಾರನ ಮುಂದೆ ಬಹುಕಾಲದಿಂದ ನಿಂತಿರುವ ಪ್ರಶ್ನೆಯೊಂದುಂಟು: ತನ್ನ ದನಿಯು ಎಷ್ಟು ದೂರ ಹೋದೀತು? ಎಂಟನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿಯು, ಹಿಂದೆ ವಿಜಯಾದಿತ್ಯನು ಗಾಯಕರಿಗೆ ದಯಪಾಲಿಸಿದ್ದ ಹಕ್ಕುಗಳನ್ನು ಸ್ಥಿರಪಡಿಸಿದಳೆಂದು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು ತಿಳಿಸುತ್ತದೆ. ಕಲ್ಲಿನ ಮಂಟಪದಲ್ಲಿ ಹಾಡುವವನಿಗೆ ಕಲ್ಲೇ ಸಹಾಯ. ಗೋಡೆಗಳು ದನಿಯನ್ನು ಹಿಡಿದು ಹಿಂದಿರುಗಿಸುವುವು. ಆದರೆ ಬಾದಾಮಿಯ ಬಳಿಯ ಬನಶಂಕರಿಯಲ್ಲಿ, ಪುಷ್ಯಮಾಸದ ಹುಣ್ಣಿಮೆಯ ರಥೋತ್ಸವದೊಡನೆ ನೆರೆಯುವ ಜಾತ್ರೆಯ ಬಯಲಿನಲ್ಲಿ, ಅಂತಹ ಗೋಡೆಗಳಿಲ್ಲ. ಅಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟು ಆಡುವುದು ವಾಡಿಕೆ. ಧ್ವನಿವರ್ಧಕವು ಬರುವುದಕ್ಕೆ ಮುಂಚೆ ನಟನಿಗೆ ತಾರಸ್ಥಾಯಿಯ ಕಂಠವೂ, ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಮ್ಮೂ ಆಧಾರವಾಗಿದ್ದುವು. ಮೃದುವಾದ ತಂತಿವಾದ್ಯವು ಅಂತಹ ಜನಸಮೂಹದ ಕೊನೆಯ ಸಾಲನ್ನು ಮುಟ್ಟುವುದು ಕಷ್ಟವೇ ಸರಿ.

ಇದೇ ಸಂಕಟವು 1920ರ ದಶಕದಲ್ಲಿ ಅಮೆರಿಕದ ಗಿಟಾರುವಾದಕರಿಗೂ ಒದಗಿತ್ತು. ನೃತ್ಯಶಾಲೆಗಳಲ್ಲಿ ಕಹಳೆ, ಸ್ಯಾಕ್ಸಫೋನು, ಡ್ರಮ್ಮುಗಳ ನಡುವೆ ಅವರ ವಾದ್ಯವು ಅಡಗಿಹೋಗುತ್ತಿತ್ತು. 1922ರಲ್ಲಿ ಗಿಬ್ಸನ್ ಕಂಪನಿಯು ಇದಕ್ಕೆ ಪರಿಹಾರವಾಗಿ ಎಲ್-5 ಎಂಬ ಗಿಟಾರನ್ನು ಹೊರತಂದಿತು. ಅದರ ಮುಖದ ಹಲಗೆಯು ಪಿಟೀಲಿನದರಂತೆ ಕಮಾನಾಗಿ ಉಬ್ಬಿರುವುದು. ನಡುವಿನ ದುಂಡು ರಂಧ್ರದ ಬದಲು ಇಕ್ಕೆಲಗಳಲ್ಲಿ ಪಿಟೀಲಿನಂತೆಯೇ ನೀಳವಾದ ಬಾಗುರಂಧ್ರಗಳಿರುವುವು. ಇಂತಹ ವಾದ್ಯಕ್ಕೆ ಆರ್ಚ್‌ಟಾಪ್ ಗಿಟಾರೆಂದು ಹೆಸರು. ದಪ್ಪ ಹಲಗೆಯನ್ನು ಕೆತ್ತಿ ಕಮಾನು ಮಾಡುವ ಕೆಲಸವು ಬಹು ವೆಚ್ಚದ್ದಾದುದರಿಂದ, ಬಡ ವಾದಕರಿಗೆ ಅದು ಎಟುಕಲಿಲ್ಲ. ಶಿಕಾಗೋ ನಗರದ ಹಾರ್ಮನಿ, ಕೇ ಮೊದಲಾದ ಕಾರ್ಖಾನೆಗಳು ಹಲಗೆಯನ್ನು ಒತ್ತಿ ಬಾಗಿಸಿಯೋ, ತೆಳುವಾದ ಮರದ ಪದರಗಳನ್ನು ಅಂಟಿಸಿಯೋ ಅದೇ ರೂಪದ ಅಗ್ಗದ ಗಿಟಾರುಗಳನ್ನು ಮಾಡಿದುವು. ರೂಪವೇನೋ ಬಂದಿತು, ಪದರದ ಮುಖವು ಬಿಗುವಾದುದರಿಂದ ಕೆತ್ತಿದ ಹಲಗೆಯ ತುಂಬುದನಿ ಬರಲಿಲ್ಲ.

ಆ ವೇಳೆಗೆ ವಿದ್ಯುಚ್ಛಕ್ತಿಯು ನೆರವಿಗೆ ಬಂದಿತು. ಕಾಂತಕ್ಷೇತ್ರದಲ್ಲಿ ಬದಲಾವಣೆಯಾದರೆ ಸಮೀಪದ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು 1831ರಲ್ಲಿ ಫ್ಯಾರಡೆಯು ತೋರಿಸಿದ್ದನು. ಇದೇ ತತ್ತ್ವದ ಮೇಲೆ 1931ರಲ್ಲಿ ಜಾರ್ಜ್ ಬೋಶಾಂ ಎಂಬಾತನು ಹವಾಯಿ ಗಿಟಾರಿಗೆ ಪಿಕಪ್ಪನ್ನು ನಿರ್ಮಿಸಿದನು. ಉಕ್ಕಿನ ತಂತಿಯು ಕಾಂತದ ಮೇಲೆ ಅಲುಗಿದಾಗ ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ದನಿಯಾಗಿ ಹೊರಬೀಳುವುದು. 1936ರಲ್ಲಿ ಗಿಬ್ಸನ್ ಕಂಪನಿಯು ಪಿಕಪ್ಪನ್ನು ಕೂಡಿಸಿಯೇ ಇಎಸ್-150 ಎಂಬ ಆರ್ಚ್‌ಟಾಪನ್ನು ಮಾರಾಟಕ್ಕೆ ತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಸ್ಟಿಯನ್ನನು ಈ ವಾದ್ಯದಿಂದ ಕಹಳೆಗೆ ಸರಿಸಮನಾಗಿ ಸ್ವತಂತ್ರ ವಾದನವನ್ನು ಮಾಡಿ ತೋರಿಸಿದನು.

ಹೊಸ ವಾದ್ಯವನ್ನು ಕೊಳ್ಳಲಾರದವರಿಗೆ ದಾರಿಮಾಡಿದವನು ಟೊಲೀಡೊ ನಗರದ ಹ್ಯಾರಿ ಡಿ ಆರ್ಮಂಡ್. ಆರ್ಚ್‌ಟಾಪಿನ ಕುದುರೆಯು ಎತ್ತರವಾದುದರಿಂದ ತಂತಿಗೂ ಹಲಗೆಗೂ ನಡುವೆ ತೆರಪಿರುವುದು. ಆ ತೆರಪಿನಲ್ಲಿ ಹಲಗೆಯನ್ನು ಮುಟ್ಟದೆ ತೂಗಿ ನಿಲ್ಲುವಂತಹ ಪಿಕಪ್ಪನ್ನು ಅವನು 1930ರ ದಶಕದಲ್ಲಿ ಬಳಕೆಗೆ ತಂದನು. ಮರಕ್ಕೆ ಗರಗಸ ಹಾಕಬೇಕಾಗಿಲ್ಲ, ಬೇಡವಾದಾಗ ಬಿಚ್ಚಿಡಬಹುದು.

ಇಲ್ಲಿ ಒಂದು ವಿಚಿತ್ರವು ಸಂಭವಿಸಿತು. ದನಿಯನ್ನು ಹೆಚ್ಚಿಸಿದಂತೆಲ್ಲ ಧ್ವನಿವರ್ಧಕದ ಸದ್ದು ಮರಳಿ ಗಿಟಾರಿನ ಟೊಳ್ಳುಮೈಯನ್ನು ಅಲುಗಿಸಿ, ಆ ಅಲುಗಾಟವು ಮತ್ತೆ ಪಿಕಪ್ಪಿಗೆ ತಗಲಿ, ಕಿವಿಗಡಚಿಕ್ಕುವ ಕೂಗು ಏಳುತ್ತಿತ್ತು. ಕೆತ್ತಿದ ಹಲಗೆಯು ಬೇಗ ಸ್ಪಂದಿಸುವುದರಿಂದ ಬೇಗ ಕೂಗುವುದು. ಪದರದ ಬಿಗುವಾದ ಹಲಗೆಯು ಅಷ್ಟು ಸುಲಭವಾಗಿ ಅಲುಗದು. ಅಗ್ಗದ ವಾದ್ಯದ ಯಾವ ಗುಣವು ಕುಂದೆನಿಸಿತ್ತೋ ಅದೇ ಗುಣವು ವಿದ್ಯುತ್ತಿನ ಸಹವಾಸದಲ್ಲಿ ಅನುಕೂಲವಾಯಿತು. 1949ರಲ್ಲಿ ಗಿಬ್ಸನ್ ಕಂಪನಿಯೇ ಇಎಸ್-175 ಎಂಬ ತನ್ನ ವಿದ್ಯುತ್ ಗಿಟಾರಿಗೆ ಪದರದ ಹಲಗೆಯನ್ನು ಬಳಸಿತು.

ಗಿಟಾರು ನಮ್ಮ ರಾಗಸಂಗೀತಕ್ಕೂ ಹೊರಗಿನದಾಗಿ ಉಳಿಯಲಿಲ್ಲ. ಬ್ರಿಜ್‌ಭೂಷಣ ಕಾಬ್ರಾ ಅವರು ಗಿಟಾರನ್ನು ತೊಡೆಯ ಮೇಲಿರಿಸಿ, ತಂತಿಯ ಮೇಲೆ ಲೋಹದ ಕಡ್ಡಿಯನ್ನು ಜಾರಿಸಿ ಹಿಂದೂಸ್ತಾನಿ ಸಂಗೀತವನ್ನು ನುಡಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಯು ಆರ್ಚ್‌ಟಾಪ್ ಗಿಟಾರಿನ ರೂಪಾಂತರವೇ ಆಗಿದೆ. ನಮ್ಮ ಜಾತ್ರೆಗಳ ರಸಮಂಜರಿ ಕಾರ್ಯಕ್ರಮಗಳಲ್ಲಿಯೂ ವಿದ್ಯುತ್ ಗಿಟಾರು ನೆಲೆಗೊಂಡಿದೆ.

ಹುನಗುಂದದಲ್ಲಿಯೋ ಬಾಗಲಕೋಟೆಯಲ್ಲಿಯೋ ಒಬ್ಬ ತರುಣನ ಬಳಿ ಇಂತಹ ಅಗ್ಗದ ಗಿಟಾರೊಂದೇ ಇದೆಯೆಂದು ಭಾವಿಸೋಣ. ಪಿಕಪ್ಪಿಗಾಗಿ ಕೊರೆದ ಹಲಗೆಯನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಒಳಗಿನ ಆಧಾರಪಟ್ಟಿಯು ತುಂಡಾದರೆ ತಂತಿಗಳ ಸೆಳೆತಕ್ಕೆ ಮುಖವೇ ಕುಸಿಯಬಹುದು. ಆದುದರಿಂದ ಅವನು ತೂಗುವ ಪಿಕಪ್ಪನ್ನು ಮೊದಲು ಪರೀಕ್ಷಿಸುವುದು ಕ್ಷೇಮ. ಕಂಚು ಸುತ್ತಿದ ತಂತಿಗಳು ಕಾಂತಕ್ಕೆ ಮಂದವಾಗಿ ಸ್ಪಂದಿಸುವುದರಿಂದ, ನಿಕಲ್ ಅಥವಾ ಉಕ್ಕು ಸುತ್ತಿದ ತಂತಿಗಳನ್ನು ಹಾಕಿಕೊಳ್ಳಬೇಕು. ಹಲಗೆಗೆ ಅಂಟಿಸುವ ಸ್ಪರ್ಶದ ಪಿಕಪ್ಪೂ ಉಂಟು. ಅದು ಮರದ ದನಿಯನ್ನು ಹಿಡಿಯುವುದು ನಿಜ, ಆದರೆ ಕೈ ತಗಲಿದ ಸದ್ದನ್ನೂ ಹಿಡಿಯುವುದು, ಬೇಗ ಕೂಗುವುದು.

ಇಳಕಲ್ಲಿನ ನೇಕಾರನು ಸೀರೆಯ ಮೈಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆ ಎಳೆಯಾಗಿ ಕೊಂಡಿಹಾಕಿ ಕೂಡಿಸುತ್ತಾನೆ. ನೂಲು ನೂಲಾಗಿಯೇ, ರೇಷ್ಮೆ ರೇಷ್ಮೆಯಾಗಿಯೇ ಉಳಿದು, ಎರಡೂ ಸೇರಿ ಒಂದು ಸೀರೆಯಾಗುತ್ತದೆ. ಹಳೆಯ ಮರಕ್ಕೆ ಹೊಸ ವಿದ್ಯುತ್ತನ್ನು ಸೇರಿಸುವವನೂ ಇದೇ ವಿವೇಕವನ್ನು ಪಾಲಿಸಿದರೆ, ಬಡವನ ವಾದ್ಯವು ಕೆಡದೆ ಉಳಿಯುವುದು. ಜಾತ್ರೆಯ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಅದರ ನಾದವು ಕೇಳಿಬರುವುದು.